ಓದುಗರ ಪ್ರಶ್ನೆ, ನಿರ್ದೇಶಕಿಯ ಉತ್ತರ: ಮುಯ್ಯಿಯಲ್ಲಿ ಮಾಡಿದ ಸಿನಿಮಾ

ಸಂಪಾದಕರು ಕಳಿಸಿದ ಪತ್ರಗಳ ಕಟ್ಟು ಕೈಗೆ ಸಿಕ್ಕಿದ್ದು ಅಡಿಕೆ ಸುಲಿಯುವ ಕಾಲದಲ್ಲಿ. ಹೊಸನಗರ ಸೀಮೆಯ ಅಡಿಕೆ ಮನೆಗಳಲ್ಲಿ ಈಗ ಹಗಲು ಕೊನೆ (ಗೊನೆ) ಕೊಯ್ಲು, ರಾತ್ರಿ ಸುಲಿಗೆ. ಹಾಗಾಗಿ ಈ ಉತ್ತರಗಳನ್ನೆಲ್ಲ ಬೆಳಗಿನ ಜಾವ ಬರೆದೆ, ಅಮ್ಮ ಹಂಡೆಯ ಒಲೆಗೆ ಬೆಂಕಿ ಹಾಕುವ ಹೊತ್ತಿಗೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: ನಿಮ್ಮೂರಲ್ಲಿ ಟಾಕೀಸು ಇರಲಿಲ್ಲವಂತೆ. ಮತ್ತೆ ಸಿನಿಮಾದ ಹುಚ್ಚು ಹತ್ತಿದ್ದು ಎಲ್ಲಿಂದ?
– ಒಬ್ಬ ಶಿಕ್ಷಕಿ, ಭದ್ರಾವತಿ

ಟಾಕೀಸು ಇರಲಿಲ್ಲ, ಆದರೆ ಹೆಗ್ಗೋಡಿನ ಹತ್ತಿರ ಅತ್ತೆಯ ಮನೆ ಇತ್ತು. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ನಾಟಕಕ್ಕೆ ಹೆಸರಾದದ್ದು ಎಲ್ಲರಿಗೂ ಗೊತ್ತು. 1973ರಲ್ಲಿ ಅದೇ ಊರಲ್ಲಿ ಚಿತ್ರಸಮಾಜವೂ ಹುಟ್ಟಿತು ಎನ್ನುವುದು ಅಷ್ಟಾಗಿ ನೆನಪಿನಲ್ಲಿಲ್ಲ. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಸ್ವತಃ ಅಡಿಕೆ ಬೆಳೆಗಾರರು. ಸತ್ಯಜಿತ್ ರಾಯ್, ಜಪಾನಿನ ಕುರೊಸಾವ ಅವರ ಚಿತ್ರಗಳನ್ನು ತರಿಸಿ, ತೋಟದ ಕೆಲಸ ಮುಗಿಸಿ ಬಂದ ಜನರಿಗೆ ತೋರಿಸಿದರು. ಪುಣೆಯ ಸಿನಿಮಾ ಸಂಸ್ಥೆಯಲ್ಲಿ ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ ಬಂದು, ಸಿನಿಮಾವನ್ನು ನೋಡುವುದು ಹೇಗೆ ಎಂದು ಹಳ್ಳಿಯವರೊಂದಿಗೆ ಕೂತು ಮಾತಾಡಿದರು. ಇಷ್ಟೆಲ್ಲ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ಅಲ್ಲಿ ನಾನು ನೋಡಿದ ಮೊದಲ ಸಿನಿಮಾ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’. ಚಿತ್ರ 1977ರದ್ದು, ನಾನು ನೋಡಿದ್ದು ಅದಾಗಿ ಹತ್ತು ವರ್ಷಕ್ಕೆ, ನನಗೆ ಹನ್ನೊಂದು ತುಂಬಿದಾಗ. ಅಪ್ಪ ಅಜ್ಜಿಯನ್ನೂ ಕರೆತಂದಿದ್ದರು. ಅಜ್ಜಿ ಮಡಿ ಹೆಂಗಸು. ಇಪ್ಪತ್ತು ತುಂಬುವ ಮೊದಲೇ ಗಂಡ ತೀರಿಕೊಂಡು, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಕೊನೆಯಲ್ಲಿ ಯಮುನಕ್ಕ ಬೋಳುತಲೆಯಲ್ಲಿ ಮರದಡಿ ಕೂತಿರುವ ದೃಶ್ಯ ಬಂತಲ್ಲ, ಆಗ ಪಕ್ಕದಲ್ಲಿ ಸೀರೆ ಸರಕ್ಕೆಂದಿತು. ಅಜ್ಜಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು.

ಬ್ಯಾಟರಿ ಬೆಳಕಿನಲ್ಲಿ ಅತ್ತೆಯ ಮನೆಗೆ ನಡೆಯುವಾಗ ಅಪ್ಪನನ್ನು ಕೇಳಿದಳು: ‘ಆ ಹುಡುಗಿ ತಲೆಗೆ ನಿಜವಾಗ್ಲೂ ಕತ್ತಿ ಇಟ್ರನಾ?’

‘ಸಿನಿಮಾ ಅಲ್ದನಾ ಅಮ್ಮ’ ಅಂದರು ಅಪ್ಪ.

‘ಹೌದು. ಆದ್ರೂ ಅವಳನ್ನ ಯಾರಾದ್ರೂ ಒಂದು ಮಾತು ಕೇಳ್ಬೇಕಿತ್ತು.’

ಅಜ್ಜಿ ಹೇಳಿದ್ದು ಸಿನಿಮಾದ ಹುಡುಗಿಯ ಬಗ್ಗೆಯೋ ತನ್ನ ಬಗ್ಗೆಯೋ, ಆಮೇಲೆ ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. ಸಿನಿಮಾ ಮಾಡಬೇಕೆಂದು ನಾನು ಅವತ್ತೇ ತೀರ್ಮಾನಿಸಿದೆ ಎಂದರೆ ಸುಳ್ಳಾಗುತ್ತದೆ. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದಿದೆ, ಬೆಂಗಳೂರಿನಲ್ಲಿ ಧಾರಾವಾಹಿಗಳ ಎಡಿಟಿಂಗ್ ಕೋಣೆಯಲ್ಲಿ ಎಂಟು ವರ್ಷ ದುಡಿದೆ. ಆದರೆ ಯಾರನ್ನಾದರೂ ಕ್ಯಾಮೆರಾ ಮುಂದೆ ನಿಲ್ಲಿಸುವಾಗ ಈಗಲೂ ಆ ಮಾತು ಕಿವಿಯಲ್ಲಿರುತ್ತದೆ.

ಪ್ರಶ್ನೆ: ಮೊದಲ ಚಿತ್ರಕ್ಕೆ ಎಷ್ಟು ಖರ್ಚಾಯಿತು? ನಿರ್ಮಾಪಕರಿಲ್ಲದೆ ದುಡ್ಡು ಎಲ್ಲಿಂದ ತಂದಿರಿ?
– ಹುಬ್ಬಳ್ಳಿ, ಹರಿಹರ ಮತ್ತು ಕೊಪ್ಪದ ಓದುಗರು

ನಗದು ಲೆಕ್ಕ ಮೂವತ್ತೊಂದು ಲಕ್ಷ. ನನ್ನ ಗಂಡ ಕಾಲೇಜು ಅಧ್ಯಾಪಕರು. ಮನೆ ಕಟ್ಟಲೆಂದು ಶಿವಮೊಗ್ಗದಲ್ಲಿ ಕೊಂಡಿದ್ದ ಸೈಟು ಮಾರಿದಾಗ ಬಂದದ್ದು ಹದಿನಾಲ್ಕು. ನನ್ನ ಉಳಿತಾಯ ಆರು. ತೋಟದ ಮೇಲೆ ಅಪ್ಪ ತೆಗೆದ ಸಾಲ ನಾಲ್ಕು. ಉಳಿದದ್ದು ಏಳು ಜನ ಗೆಳೆಯರದ್ದು. ಬೆಂಗಳೂರಿನಲ್ಲಿ ಲೆಕ್ಕ ತಿಳಿದವರಿಗೆ ತೋರಿಸಿದಾಗ, ಇಷ್ಟರಲ್ಲಿ ಇಪ್ಪತ್ನಾಲ್ಕು ದಿನದ ಶೂಟಿಂಗ್ ಸಾಧ್ಯವೇ ಇಲ್ಲ ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಬರೀ ದುಡ್ಡಿನಲ್ಲಾದರೆ ಸಾಧ್ಯವಿರಲಿಲ್ಲ.

ಕಥೆ ನಡೆಯುವುದು ಸುಲಿಗೆ ಕಾಲದಲ್ಲಿ. ಶೂಟಿಂಗೂ ಆಗಲೇ ಆಗಬೇಕು, 2012ರ ಡಿಸೆಂಬರಿನಲ್ಲಿ. ಆದರೆ ಆ ತಿಂಗಳಲ್ಲಿ ನಮ್ಮೂರಲ್ಲಿ ಯಾರಿಗೆ ಬಿಡುವಿರುತ್ತದೆ? ಕೊಯ್ದ ಅಡಿಕೆ ಕಾಯುವುದಿಲ್ಲ. ದಿನ ತಡೆದರೆ ಬಣ್ಣ ಕೆಡುತ್ತದೆ. ಕೆಳಮನೆಯ ಹಿರಿಯರು ಜಗಲಿಯಲ್ಲಿ ಕೂರಿಸಿ ಹೇಳಿದರು: ‘ನಿನ್ನ ಸಿನಿಮಾಕ್ಕೆ ನಾವು ಬರ್ತೀವಿ ಮಾರಾಯ್ತಿ. ನಮ್ಮ ಸುಲಿಗೆಗೆ ನಿನ್ನ ಜನ ಬರ್ತಾರನಾ?’

ಬಯಲುಸೀಮೆಯ ಓದುಗರಿಗೆ ಒಂದು ಮಾತು. ಕೂಲಿ ಕೊಡದೆ ಇವತ್ತು ನಿಮ್ಮ ಮನೆಯ ಕೆಲಸಕ್ಕೆ ನಾನು, ನಾಳೆ ನಮ್ಮ ಮನೆಯ ಕೆಲಸಕ್ಕೆ ನೀವು, ಹೀಗೆ ನಡೆಯುವುದಕ್ಕೆ ಮುಯ್ಯಾಳು ಎನ್ನುತ್ತೇವೆ. ಅಲ್ಲಿಗೆ ನಮ್ಮ ಸಿನಿಮಾದ ಒಪ್ಪಂದ ಮುಯ್ಯಿಯ ಲೆಕ್ಕದಲ್ಲಿ ಆಯಿತು. ಹಗಲು ಊರಿನವರು ನನ್ನ ಕ್ಯಾಮೆರಾದ ಮುಂದೆ, ರಾತ್ರಿ ಬೆಂಗಳೂರಿನಿಂದ ಬಂದ ಹತ್ತೊಂಬತ್ತು ಜನ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕಾಯಿಯನ್ನು ಕತ್ತಿಗೆ ಕೊಟ್ಟು ಮಣಿಕಟ್ಟು ತಿರುಗಿಸಬೇಕು. ಮೊದಲ ರಾತ್ರಿಯೇ ಛಾಯಾಗ್ರಾಹಕನ ಹೆಬ್ಬೆರಳು ಕೊಯ್ದುಹೋಯಿತು. ಮರುದಿನ ಫೋಕಸ್ ರಿಂಗ್ ತಿರುಗಿಸುವಾಗ ಬಟ್ಟೆ ಸುತ್ತಿದ ಆ ಬೆರಳನ್ನೇ ನಾನು ನೋಡುತ್ತಿದ್ದೆ. ವಾರ ಕಳೆಯುವುದರಲ್ಲಿ ಸಹಾಯಕ ನಿರ್ದೇಶಕನ ಅಂಗೈ ಅಡಿಕೆಯ ಚೊಗರು ರಸಕ್ಕೆ ಕಪ್ಪಾಗಿ, ಕ್ಲ್ಯಾಪ್ ಬೋರ್ಡಿನ ಮೇಲೆ ಐದು ಬೆರಳಿನ ಗುರುತು ಬಿದ್ದಿತ್ತು. ಆ ಬೋರ್ಡು ನನ್ನ ಹತ್ತಿರ ಇದೆ.

ಅಮ್ಮ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದಳು. ‘ಕೆಳಮನೆ: ಜೀಪು 6 ದಿನ. ಶಾಲೆಮನೆ: ಅಕ್ಕಿ 20 ಸೇರು, ಚಾಪೆ 12. ಮೇಲಿನಕೇರಿ: ಹಾಲು ದಿನಕ್ಕೆ 3 ಲೀಟರು, ದುಡ್ಡು ಬೇಡ ಅಂದರು.’ ಹೀಗೆ ನಲವತ್ತೆರಡು ಪುಟ. ನಾನು ಮಾಡುವುದು ಸ್ವತಂತ್ರ ಸಿನಿಮಾ ಎಂದು ಪತ್ರಿಕೆಗಳಲ್ಲಿ ಓದಿದಾಗ ನನಗೆ ಆ ನೋಟ್‌ಬುಕ್ ಕಣ್ಮುಂದೆ ಬರುತ್ತದೆ. ಕಥೆ ಬದಲಿಸು ಎನ್ನುವ ದೊಡ್ಡ ನಿರ್ಮಾಪಕರು ನನಗಿಲ್ಲ, ನಿಜ. ಆದರೆ ನಲವತ್ತೆರಡು ಪುಟದ ಜನಕ್ಕೆ ನಾನು ಉತ್ತರ ಹೇಳಬೇಕು. ಅವರ ಮನೆಯ ಮದುವೆ, ಕಾಯಿಲೆ, ಕೊನೆಕೊಯ್ಲು ಎಲ್ಲದಕ್ಕೂ ಹೋಗಿ ನಿಲ್ಲಬೇಕು. ತೀರಿಸಿದ ಮುಯ್ಯಿಗೆ ಅಮ್ಮ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಾಳೆ. ಹದಿಮೂರು ವರ್ಷ ಕಳೆದರೂ ಇನ್ನೂ ಒಂಬತ್ತು ಪುಟ ಬಾಕಿ.

ಪ್ರಶ್ನೆ: ನಿಮ್ಮ ಚಿತ್ರಗಳಲ್ಲಿ ಕಲಾವಿದರಿಗಿಂತ ಊರಿನವರೇ ಹೆಚ್ಚು. ಅವರಿಂದ ನಟನೆ ತೆಗೆಯುವುದು ಕಷ್ಟವಲ್ಲವೇ?
– ರಂಗಕರ್ಮಿ, ತೀರ್ಥಹಳ್ಳಿ

ಕಷ್ಟ ಬೇರೆ ಕಡೆ ಇದೆ. ಮೊದಲ ಚಿತ್ರದ ಮುಖ್ಯ ಪಾತ್ರಕ್ಕೆ ಬೆಂಗಳೂರಿನ ಒಳ್ಳೆಯ ನಟಿಯೊಬ್ಬರನ್ನು ಒಪ್ಪಿಸಿದ್ದೆ. ಅವರು ಹದಿನೈದು ದಿನ ಮುಂಚೆಯೇ ಬಂದು ಸುಲಿಯುವುದನ್ನು ಕಲಿತರು. ಚೆನ್ನಾಗಿಯೇ ಕಲಿತರು, ಆದರೆ ಕಣ್ಣು ಕತ್ತಿಯ ಮೇಲಿರುತ್ತಿತ್ತು. ಪಕ್ಕದಲ್ಲಿ ನಮ್ಮೂರಿನ ಹೆಂಗಸೊಬ್ಬಳು, ಮಂಗಳೂರಿನಲ್ಲಿರುವ ಮಗ ಫೋನು ಮಾಡುವುದಿಲ್ಲ ಎಂದು ನನ್ನ ಮುಖ ನೋಡುತ್ತ ದುಃಖ ತೋಡಿಕೊಳ್ಳುತ್ತಿದ್ದಾಳೆ. ಕೈ ತನ್ನ ಪಾಡಿಗೆ ತಾನು ಸುಲಿಯುತ್ತಿದೆ, ಸಿಪ್ಪೆ ಎಡಕ್ಕೆ, ಅಡಿಕೆ ಬುಟ್ಟಿಗೆ. ಗಂಟಲು ಕಟ್ಟಿ ಮಾತು ನಿಂತಾಗಲೂ ಕೈ ನಿಲ್ಲಲಿಲ್ಲ. ನಾನು ಕಥೆ ಬರೆದದ್ದು ಆ ಕೈಯ ಬಗ್ಗೆ ಎಂದು ಆಗ ತಿಳಿಯಿತು. ಆ ನಟಿಯೇ ನನ್ನನ್ನು ಪಕ್ಕಕ್ಕೆ ಕರೆದು, ‘ಪಾತ್ರ ಅವರಿಗೆ ಕೊಡಿ’ ಎಂದರು. ಅಂಥ ಮನಸ್ಸು ಎಲ್ಲರಿಗೂ ಇರುವುದಿಲ್ಲ.

ಈ ದಾರಿ ನನ್ನೊಬ್ಬಳದಲ್ಲ. ಮಂಡ್ಯದ ನೊದೆಕೊಪ್ಪಲಿನ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದಾದ ಮೇಲೆ ಊರಿನವರ ಮೇಲೆ ಕ್ಯಾಮೆರಾ ಇಡಲು ಹೊರಟವರು ಬಹಳ.

ಆದರೆ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಚಿತ್ರವನ್ನು ಹೊರರಾಜ್ಯದ ಒಂದು ಉತ್ಸವಕ್ಕೆ ಕರೆದರು. ಟಿಕೆಟ್ಟು, ಕೋಣೆ ನಿರ್ದೇಶಕರಿಗೆ ಮಾತ್ರ. ನಾನೊಬ್ಬಳೇ ಹೋದೆ. ವೇದಿಕೆಯಲ್ಲಿ ಶಾಲು ಹೊದ್ದ ಫೋಟೋ ಊರಿನವರ ಫೋನಿಗೆಲ್ಲ ಹೋಯಿತು. ವಾಪಸು ಬಂದಾಗ, ಮುಖ್ಯ ಪಾತ್ರ ಮಾಡಿದ್ದ ಆಕೆ ಅಂಗಳದಲ್ಲಿ ಚಾಲಿ ಅಡಿಕೆ ಒಣಹರವುತ್ತಿದ್ದಳು. ತಲೆಯೆತ್ತದೆ ಕೇಳಿದಳು: ‘ಅಲ್ಲಿ ಕಂಡಿದ್ದು ನನ್ನ ಮುಖ ಅಲ್ದನಾ? ನನ್ನನ್ನ ಯಾಕೆ ಕರೀಲಿಲ್ಲ?’ ಅವರು ಟಿಕೆಟ್ಟು ಕೊಡಲಿಲ್ಲ ಎಂದು ಹೇಳಬಹುದಿತ್ತು. ಆದರೆ ನಾನು ಕೇಳಿಯೇ ಇರಲಿಲ್ಲ. ಎರಡನೇ ಚಿತ್ರದ ಬಜೆಟ್ಟಿನಲ್ಲಿ ನಾನು ಬರೆದ ಮೊದಲ ಸಾಲು ಕಲಾವಿದರ ಪ್ರಯಾಣದ್ದು. ಆಕೆಯನ್ನು ಬೆಂಗಳೂರಿನ ಪ್ರದರ್ಶನಕ್ಕೆ ಕರೆದುಕೊಂಡು ಹೋದೆ, ಮಗ ಮಂಗಳೂರಿನಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಅಮ್ಮನ ನೋಟ್‌ಬುಕ್ಕಿನಲ್ಲಿ ಆಕೆಯ ಪುಟಕ್ಕೆ ಇನ್ನೂ ಕೆಂಪು ಗೀಟು ಬಿದ್ದಿಲ್ಲ. ನಾನೇ ಹಾಕಬೇಡ ಎಂದಿದ್ದೇನೆ.

ಪ್ರಶ್ನೆ: ಎರಡನೇ ಚಿತ್ರದಲ್ಲಿ ಮಳೆಯ ಸದ್ದು ಅಷ್ಟು ಸಹಜವಾಗಿ ಬಂದದ್ದು ಹೇಗೆ?
– ವಿದ್ಯಾರ್ಥಿ, ಸಾಗರ

ಸ್ಥಳದಲ್ಲೇ ಧ್ವನಿ ಹಿಡಿದೆವು, ಡಬ್ಬಿಂಗ್ ಇಲ್ಲ. ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಧ್ವನಿಗ್ರಾಹಕರು ಮಾಡಿಗೆ ಗೋಣಿಚೀಲ, ಅದರ ಮೇಲೆ ಒಣ ಅಡಿಕೆಸೋಗೆ ಹಾಸಿಸಿದರು. ಹನಿ ಬಿದ್ದರೂ ಅಬ್ಬರವಿಲ್ಲ. ಜೀರುಂಡೆಗಳ ಮುಂದೆ ಮಾತ್ರ ಯಾವ ಉಪಾಯವೂ ನಡೆಯಲಿಲ್ಲ. ಮುಸ್ಸಂಜೆ ಕಾಲು ಗಂಟೆ ಕ್ಯಾಮೆರಾ ಮುಚ್ಚಿ ಸುಮ್ಮನೆ ಕೂರುತ್ತಿದ್ದೆವು.

ಪ್ರಶ್ನೆ: ಮನೆಯವರು ಇದಕ್ಕೆಲ್ಲ ಒಪ್ಪಿದರೇ? ಹೆಣ್ಣುಮಗಳಾಗಿ ಸಂಸಾರ, ಸಿನಿಮಾ ಎರಡನ್ನೂ ಹೇಗೆ ತೂಗಿಸಿದಿರಿ?
– ಮೈಸೂರು, ಚಿಕ್ಕಮಗಳೂರು, ಶಿರಸಿಯಿಂದ ಬಂದ ಪತ್ರಗಳು

ತೂಗಿಸಲಿಲ್ಲ. ಸೈಟು ಮಾರುವ ದಿನ ನನ್ನ ಗಂಡ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ, ಹೊರಗೆ ಬಂದು, ‘ಇನ್ನು ಮನೆಯ ಮಾತು ನನ್ನ ಹತ್ತಿರ ಎತ್ತಬೇಡ’ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ನೋವಿನಿಂದ. ಇವತ್ತಿಗೂ ಬಾಡಿಗೆ ಮನೆಯಲ್ಲೇ ಇದ್ದೇವೆ. ಎಡಿಟಿಂಗಿಗೆಂದು ನಾನು ಹದಿನಾಲ್ಕು ತಿಂಗಳು ಬೆಂಗಳೂರಿನಲ್ಲಿದ್ದೆ, ಅವರು ಆರು ವರ್ಷದ ಮಗಳೊಂದಿಗೆ ಶಿವಮೊಗ್ಗದಲ್ಲಿ. ವಾರಕ್ಕೊಮ್ಮೆ ರಾತ್ರಿ ರೈಲಿಗೆ ಬಂದು ಬೆಳಿಗ್ಗೆ ಬಾಗಿಲು ತಟ್ಟಿದರೆ ಮಗಳು ತೆರೆದು, ಒಳಗೆ ತಿರುಗಿ ‘ಅಪ್ಪಾ, ಅಮ್ಮ ಬಂದ್ರು’ ಅನ್ನುತ್ತಿದ್ದಳು. ಬಂದಳು ಅನ್ನುತ್ತಿರಲಿಲ್ಲ. ನೆಂಟರಿಗೆ ಹೇಳುವ ಹಾಗೆ ಬಹುವಚನ. ಈಗ ಅವಳಿಗೆ ಹತ್ತೊಂಬತ್ತು, ಈಗ ಏಕವಚನದಲ್ಲೇ ಜಗಳ ಆಡುತ್ತಾಳೆ. ಆ ಜಗಳ ನನಗೆ ಬಹಳ ಇಷ್ಟ.

ಅಪ್ಪನ ಬಗ್ಗೆಯೂ ಇಬ್ಬರು ಕೇಳಿದ್ದಾರೆ. ಅಪ್ಪ ದಿನಾ ಶೂಟಿಂಗ್ ನೋಡಲು ಬಂದು ಕಣಜದ ಪಕ್ಕ ಕೂರುತ್ತಿದ್ದರು. ಒಂದು ದಿನ ಆರು ನಿಮಿಷದ ಒಂದೇ ಶಾಟ್. ಬೆಳಕು ಇಳಿಯುತ್ತಿತ್ತು, ಮೂರು ಟೇಕ್ ಕೆಟ್ಟಿದ್ದವು, ನಾಲ್ಕನೆಯದು ಎಲ್ಲ ಕೂಡಿಬಂದು ಇನ್ನೇನು ಮುಗಿಯಬೇಕು, ಅಪ್ಪ ಕೆಮ್ಮಿದರು. ಎಲ್ಲರ ಮುಂದೆ ನಾನು, ‘ಕೆಮ್ಮು ತಡೆಯೋಕೆ ಆಗದಿದ್ರೆ ಇಲ್ಲಿ ಯಾಕೆ ಬರ್ತೀರಿ’ ಅಂದೆ. ಅಪ್ಪ ಎದ್ದು ಪಂಚೆ ಕೊಡವಿಕೊಂಡು ಮನೆ ಕಡೆ ನಡೆದರು. ಮತ್ತೆ ಸೆಟ್ಟಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ, ಶೂಟಿಂಗ್ ಮುಗಿಯಲಿ, ಆಮೇಲೆ ಮಾತಾಡೋಣ ಎಂದುಕೊಂಡೆ. ಆ ಕೆಮ್ಮು ಶ್ವಾಸಕೋಶದ ಕಾಯಿಲೆಯದ್ದು ಎಂದು ಫೆಬ್ರವರಿಯಲ್ಲಿ ಗೊತ್ತಾಯಿತು. ಚಿತ್ರ ಮುಗಿಯುವ ಮೊದಲೇ ಹೋದರು.

ಚಿತ್ರದಲ್ಲಿ ನೀವು ನೋಡುವುದು ಐದನೇ ಟೇಕ್. ಸದ್ದು ಶುದ್ಧವಾಗಿದೆ, ನಟನೆಯೂ ಚೆನ್ನಾಗಿದೆ, ಅದನ್ನೇ ಇಡಬೇಕಿತ್ತು, ಇಟ್ಟೆ. ನಾಲ್ಕನೇ ಟೇಕ್ ಬೇರೆ ಹಾರ್ಡ್ ಡಿಸ್ಕಿನಲ್ಲಿದೆ. ಡಿಸ್ಕು ಕೆಡಬಾರದೆಂದು ಮೂರು ವರ್ಷಕ್ಕೊಮ್ಮೆ ಹೊಸದಕ್ಕೆ ನಕಲು ಮಾಡುತ್ತೇನೆ. ಕೇಳಿಲ್ಲ.

ಪ್ರಶ್ನೆ: ಇಷ್ಟು ಕಷ್ಟಪಟ್ಟ ಚಿತ್ರ ಶಿವಮೊಗ್ಗದಲ್ಲೇ ಒಂದು ವಾರ ಓಡಲಿಲ್ಲ. ಬೇಸರವಿಲ್ಲವೇ?
– ವ್ಯಾಪಾರಿ, ದಾವಣಗೆರೆ

ಇದೆ. ಒಂದು ವಾರ ಎಂದು ಮಾತಾಗಿತ್ತು, ನಾಲ್ಕನೇ ದಿನ ದೊಡ್ಡ ನಟರೊಬ್ಬರ ಚಿತ್ರ ಬಂದು ನಮ್ಮದನ್ನು ಎತ್ತಿದರು. ನಮಗಿದ್ದದ್ದೂ ಬೆಳಗಿನ ಆಟ. ಬೆಳಿಗ್ಗೆ ಹತ್ತಕ್ಕೆ ಅಡಿಕೆ ಬೆಳೆಗಾರ ತೋಟ ಬಿಟ್ಟು ಪೇಟೆಗೆ ಬರುತ್ತಾನೆಯೇ? ರೀಲಿನ ಕಾಲ ಹೋಗಿ ಡಿಜಿಟಲ್ ಬಂದಾಗ ಸಣ್ಣವರಿಗೆ ಸುಲಭವಾಯಿತು ಎಂದು ನಾವೆಲ್ಲ ಹಿಗ್ಗಿದ್ದೆವು. ಚಿತ್ರ ತೆಗೆಯುವುದು ಸುಲಭವಾದದ್ದು ನಿಜ. ಆದರೆ ತೆರೆಯ ಮೇಲೆ ಬರಲು ಪ್ರತಿ ಚಿತ್ರಮಂದಿರಕ್ಕೂ ಪ್ರೊಜೆಕ್ಷನ್ನಿನ ಶುಲ್ಕ ಕಟ್ಟಬೇಕು, ಪ್ರೇಕ್ಷಕರು ಹತ್ತು ಜನ ಬರಲಿ ಸಾವಿರ ಜನ ಬರಲಿ. ಸಣ್ಣ ಚಿತ್ರದ ಗಳಿಕೆ ಅಲ್ಲೇ ಮುಗಿಯುತ್ತದೆ. ರಾಜ್ಯ ಸರ್ಕಾರದ ಸಹಾಯಧನ ಬಂದದ್ದರಿಂದ ಗೆಳೆಯರ ದುಡ್ಡನ್ನು ಹಿಂದಿರುಗಿಸಲು ಸಾಧ್ಯವಾಯಿತು.

ಆಮೇಲೆ ಕೆಳಮನೆಯ ಅದೇ ಜೀಪಿನಲ್ಲಿ ಪ್ರೊಜೆಕ್ಟರು, ಜನರೇಟರು, ಅಂಚು ಹೊಲಿದ ಬಿಳಿ ಬಟ್ಟೆ ಹಾಕಿಕೊಂಡು ಊರೂರು ತಿರುಗಿದೆವು. ಶಾಲೆಯ ಮೈದಾನ, ದೇವಸ್ಥಾನದ ಚಂದ್ರಶಾಲೆ, ಸಹಕಾರ ಸಂಘದ ಗೋದಾಮು. ತಲೆಗೆ ಮೂವತ್ತು ರೂಪಾಯಿ, ಇಲ್ಲದವರು ಹಾಗೇ ಬನ್ನಿ. ಎರಡು ಬೇಸಿಗೆಯಲ್ಲಿ ಎಪ್ಪತ್ತಮೂರು ಊರು. ನಗರ ಹೋಬಳಿಯ ಒಂದು ಊರಲ್ಲಿ ಮಧ್ಯಕ್ಕೆ ಜನರೇಟರು ಕೈಕೊಟ್ಟಿತು. ಯಾರೂ ಏಳಲಿಲ್ಲ. ಕತ್ತಲಲ್ಲಿ ಕೂತೇ, ಮುಂದೆ ಏನಾಗಬಹುದು ಎಂದು ತಮ್ಮತಮ್ಮಲ್ಲೇ ವಾದ ಶುರು ಮಾಡಿದರು. ಒಬ್ಬ ಮುದುಕಿ ಹೇಳಿದ ಅಂತ್ಯ ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು. ನಲವತ್ತು ನಿಮಿಷದ ಮೇಲೆ ಯಂತ್ರ ಹೊತ್ತಿದಾಗ ನನಗೆ ನನ್ನ ಅಂತ್ಯ ತೋರಿಸಲು ಅಳುಕಾಯಿತು.

ಪ್ರಶ್ನೆ: ಇಂಜಿನಿಯರಿಂಗ್ ಮುಗಿಸಿದ್ದೇನೆ, 22 ವರ್ಷ. ನಿರ್ದೇಶಕನಾಗಬೇಕು. ಪುಣೆಗೆ ಹೋಗಲೇ, ಬೆಂಗಳೂರಿನಲ್ಲಿ ಸಹಾಯಕನಾಗಲೇ?
– ಸೊರಬ

ಎರಡೂ ಒಳ್ಳೆಯ ದಾರಿಯೇ. ಕಾಸರವಳ್ಳಿಯವರು ಫಾರ್ಮಸಿ ಓದಿ ಆಮೇಲೆ ಪುಣೆಯ ಸಂಸ್ಥೆಗೆ ಹೋದವರು, ಹಾಗಾಗಿ ಇಂಜಿನಿಯರಿಂಗ್ ಓದಿದ್ದಕ್ಕೆ ಕೊರಗಬೇಡಿ. ಎಲ್ಲಿಗೆ ಹೋದರೂ ಮೊದಲ ವರ್ಷ ಎಡಿಟಿಂಗ್ ಕೋಣೆಯಲ್ಲೋ ಧ್ವನಿಯವರ ಜೊತೆಗೋ ಕೂರಿ. ಶೂಟಿಂಗಿನಲ್ಲಿ ಏನೇನು ಮರೆತು ಬಂದಿರುತ್ತೇವೆ ಎಂದು ಅಲ್ಲಿ ಗೊತ್ತಾಗುತ್ತದೆ.

ಕಾಗದಪತ್ರವನ್ನು ಅಸಡ್ಡೆ ಮಾಡಬೇಡಿ. ಮೊದಲ ಚಿತ್ರದಲ್ಲಿ ಅಮ್ಮ ನಮ್ಮ ಹಸು ಕೌಲೆಯ ಮೈ ಸವರುವ ಐವತ್ತು ಸೆಕೆಂಡಿನ ದೃಶ್ಯವಿತ್ತು. ಪ್ರಾಣಿಯನ್ನು ಚಿತ್ರೀಕರಿಸಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಮೊದಲೇ ಪಡೆಯಬೇಕು, ಸೆನ್ಸಾರ್ ಆಗುವಾಗ ಅವರ ಪತ್ರ ತೋರಿಸಬೇಕು. ನಮ್ಮ ಮನೆಯ ಹಸುವಿಗೆ ಯಾರ ಅನುಮತಿ ಎಂದುಕೊಂಡು ನಾನು ಅರ್ಜಿಯನ್ನೇ ಹಾಕಿರಲಿಲ್ಲ. ದೃಶ್ಯ ಹೋಯಿತು. ಆಗ ಮಂಡಳಿಯ ಕಚೇರಿ ಚೆನ್ನೈಯಲ್ಲಿತ್ತು, ಈಗ ಹರಿಯಾಣದ ಬಲ್ಲಭಗಡದಲ್ಲಿ. ಸೆನ್ಸಾರಿನಲ್ಲೂ 2024ರಿಂದ ಯು/ಎ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು) ಎನ್ನುವುದು ವಯಸ್ಸಿನ ಪ್ರಕಾರ 7+, 13+, 16+ ಎಂದು ಮೂರು ಭಾಗವಾಗಿದೆ. ಚಿತ್ರಕಥೆ ಬರೆಯುವಾಗಲೇ ಇವು ತಲೆಯಲ್ಲಿರಲಿ.

ಇನ್ನೊಂದು. ಮನೆಯವರ ದುಡ್ಡು ಹಾಕುವುದಾದರೆ, ಅದು ಹೋದರೆ ಏನಾಗುತ್ತದೆ ಎಂದು ಅವರೆದುರು ಕೂತು ಬಾಯಿಬಿಟ್ಟು ಹೇಳಿ. ನಾನು ಹೇಳಿರಲಿಲ್ಲ.

ಪ್ರಶ್ನೆ: ಸಿನಿಮಾದವರಿಗೆ ಮಲೆನಾಡು ಎಂದರೆ ಮಳೆ, ಹಂಚಿನ ಮನೆ, ಹಸಿರು ಅಷ್ಟೇ. ನಿಮ್ಮ ಮುಂದಿನ ಚಿತ್ರವೂ ಹಾಗೆಯೇ?
– ನಿವೃತ್ತ ನೌಕರ, ಶಿವಮೊಗ್ಗ

ನಿಮ್ಮ ಸಿಟ್ಟು ನನ್ನದೂ ಹೌದು. ಹಾಡಿಗೆ ಎರಡು ದಿನ ಆಗುಂಬೆಗೆ ಬಂದು ಹೋಗುವವರಿಗೆ ಹಸಿರು ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಆದರೆ 1970ರಲ್ಲೇ ‘ಸಂಸ್ಕಾರ’ದ ಕ್ಯಾಮೆರಾ ಹಿಡಿದ ಆಸ್ಟ್ರೇಲಿಯಾದ ಟಾಮ್ ಕೋವನ್, ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಕಂಡದ್ದು ಹಸಿರನ್ನಲ್ಲ, ಅಗ್ರಹಾರದ ಭಯವನ್ನು. ನಾ. ಡಿಸೋಜ ಅವರ ಕಾದಂಬರಿಯಿಂದ ಬಂದ ‘ದ್ವೀಪ’ದಲ್ಲಿ ಮಳೆ ಅಂದರೆ ಮನೆಯೊಳಗೆ ಬರುವ ನೀರು. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮುಳುಗಡೆಯಾದವರ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ.

ನನ್ನ ಮೂರನೇ ಚಿತ್ರ ಆ ಹಿನ್ನೀರಿನದ್ದೇ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2025ರ ಜುಲೈಯಲ್ಲಿ ಸೇತುವೆ ತೆರೆಯಿತು. ಅದಕ್ಕೂ ಮೊದಲು ಬಸುರಿಯನ್ನು, ಹೆಣವನ್ನು, ಮದುವೆ ದಿಬ್ಬಣವನ್ನು ಲಾಂಚ್ ಸಾಗಿಸುತ್ತಿತ್ತು. ಕೊನೆಯ ಲಾಂಚ್ ಹೋದ ಮೇಲೆ ದಡದಲ್ಲಿ ಉಳಿದ ಜನರ ಕಥೆ ನನ್ನದು. ಸೇತುವೆ ಬೇಕಿತ್ತು, ಬಂದದ್ದು ಒಳ್ಳೆಯದಾಯಿತು. ದಡದಲ್ಲಿ ಗಂಟೆಗಟ್ಟಲೆ ಕಾಯುತ್ತ ಜನ ಆಡಿಕೊಂಡ ಮಾತು ನನಗೆ ಬೇಕು. ಸೇತುವೆಯಾಗುವ ಮೊದಲು ನಾಲ್ಕು ವರ್ಷ ಆ ದಡದಲ್ಲಿ ಧ್ವನಿ ಹಿಡಿದಿಟ್ಟಿದ್ದೇನೆ: ಇಂಜಿನ್ನಿನ ಗುಡುಗುಡು, ಕಬ್ಬಿಣದ ಹಲಗೆ ದಡಕ್ಕೆ ಉಜ್ಜುವ ಸದ್ದು, ‘ತಡೀರಿ, ಇನ್ನೊಬ್ರು ಓಡಿ ಬರ್ತಿದ್ದಾರೆ’ ಎಂದು ಯಾರೋ ಕೂಗಿದ್ದು.

ದುಡ್ಡು ಇನ್ನೂ ಅರ್ಧ ಕೂಡಿಲ್ಲ. ಕೆಳಮನೆಯ ಹಿರಿಯರು ಈಗಿಲ್ಲ, ಅವರ ಮಗ ಜೀಪು ಕೊಡುತ್ತೇನೆ ಎಂದಿದ್ದಾನೆ. ಅವರ ಮನೆಯಲ್ಲಿ ಇವತ್ತು ರಾತ್ರಿ ಸುಲಿಗೆ ಇದೆ. ಮಗಳೂ ರಜಕ್ಕೆ ಬಂದಿದ್ದಾಳೆ, ಮೆಟ್ಟುಗತ್ತಿ ಮಸೆದಿಟ್ಟಿದ್ದೇನೆ, ಎಂಟು ಗಂಟೆಗೆ ಅಲ್ಲಿರಬೇಕು.